ಪೈಥಾನ್-ಸಿ ಜೋಡಿ: ಸ್ಟ್ರಿಂಗ್‌ನ ಮೆಮೊರಿಗೆ ಒಡೆಯ ಯಾರು?

ಬರೆಯಲು ಸುಲಭವಾದ ಪೈಥಾನ್ ಮತ್ತು ವೇಗಕ್ಕೆ ಹೆಸರಾದ ಸಿ ಭಾಷೆಗಳನ್ನು ಒಂದೇ ತಂತ್ರಾಂಶದಲ್ಲಿ ಬೆಸೆಯುವ ಪದ್ಧತಿ ಹಳೆಯದು. 2006ರ ಪೈಥಾನ್ 2.5 ಆವೃತ್ತಿಯಿಂದ ‘ಸಿಟೈಪ್ಸ್’ ಮಾಡ್ಯೂಲ್ ಭಾಷೆಯೊಂದಿಗೇ ದೊರೆಯುತ್ತಿರುವುದರಿಂದ ಈ ಕೆಲಸ ಮತ್ತಷ್ಟು ಸರಳವಾಗಿದೆ. ಆದರೆ ಅಕ್ಷರಗಳ ಸರಣಿ, ಅಂದರೆ ಸ್ಟ್ರಿಂಗ್, ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಅನುಭವಿಗಳೂ ಎಡವುವುದುಂಟು.

ಇದಕ್ಕೆ ಕಾರಣ ಎರಡೂ ಭಾಷೆಗಳ ಲೆಕ್ಕಾಚಾರದಲ್ಲಿದೆ. ಒಂದು ವಸ್ತುವನ್ನು ಎಷ್ಟು ಕಡೆ ಬಳಸಲಾಗುತ್ತಿದೆ ಎಂಬುದನ್ನು ಪೈಥಾನ್ ಎಣಿಸುತ್ತಿರುತ್ತದೆ. ಎಣಿಕೆ ಸೊನ್ನೆಯಾದೊಡನೆ ಮೆಮೊರಿಯನ್ನು ತಾನೇ ತೆರವು ಮಾಡುತ್ತದೆ. ಸಿ ಭಾಷೆಯಲ್ಲಿ ‘ಮ್ಯಾಲಕ್’ ಮೂಲಕ ಪಡೆದ ಜಾಗವನ್ನು ‘ಫ್ರೀ’ ಮೂಲಕ ಹಿಂದಿರುಗಿಸುವುದು ಪ್ರೋಗ್ರಾಮರನದೇ ಹೊಣೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದು.

ಅಳತೆಯ ತೊಡಕು

‘ಕನ್ನಡ’ ಎಂಬ ಪದವನ್ನೇ ನೋಡೋಣ. ಒತ್ತಕ್ಷರದ ಚಿಹ್ನೆಯೂ ಸೇರಿ ಇದರ ಉದ್ದ 5 ಎನ್ನುತ್ತದೆ ಪೈಥಾನ್ 3. ಯುಟಿಎಫ್-8 ಸಂಕೇತದಲ್ಲಿ ಪ್ರತಿಯೊಂದಕ್ಕೂ 3 ಬೈಟ್ ಬೇಕು, ಒಟ್ಟು 15. ಕೊನೆಯನ್ನು ಸೂಚಿಸುವ ಶೂನ್ಯ ಬೈಟ್ ಸೇರಿದರೆ 16. ಉದ್ದ 5 ಎಂದು ನಂಬಿ ಸಿ ಕಡೆಯಲ್ಲಿ 6 ಬೈಟ್ ಜಾಗ ಕಾದಿರಿಸಿದರೆ, ಉಳಿದ 10 ಬೈಟ್‌ಗಳು ಪಕ್ಕದ ಮಾಹಿತಿಯನ್ನು ಅಳಿಸಿಹಾಕುತ್ತವೆ.

ಸಾಲ ಪಡೆದದ್ದು

ಪೈಥಾನ್ ಕಳುಹಿಸಿದ ಬೈಟ್‌ಗಳ ವಿಳಾಸ ಸಿ ಪಾಲಿಗೆ ಕೇವಲ ಸಾಲ. ಅದನ್ನು ತಿದ್ದಬಾರದು, ಫ್ರೀ ಮಾಡಬಾರದು, ಕರೆ ಮುಗಿದ ಬಳಿಕ ಇಟ್ಟುಕೊಳ್ಳಲೂಬಾರದು. ಮುಂದೆ ಬೇಕಿದ್ದರೆ ಪ್ರತಿ ಮಾಡಿಕೊಳ್ಳಬೇಕು. ಸಿ ಬರೆಯಲೇಬೇಕಾದ ಜಾಗವನ್ನು ‘ಕ್ರಿಯೇಟ್_ಸ್ಟ್ರಿಂಗ್_ಬಫರ್’ ಮೂಲಕ ಸಾಕಷ್ಟು ಗಾತ್ರದಲ್ಲಿ ಒದಗಿಸಬೇಕು.

ಸದ್ದಿಲ್ಲದ ಸೋರಿಕೆ

ಸಿ ತಾನೇ ಮ್ಯಾಲಕ್ ಮಾಡಿದ ಸ್ಟ್ರಿಂಗನ್ನು ಹಿಂದಿರುಗಿಸಿದಾಗ ಅಪಾಯ ಹೆಚ್ಚು. ಫಲಿತಾಂಶದ ಬಗೆಯನ್ನು ‘ಸಿ_ಚಾರ್_ಪಿ’ ಎಂದು ಸೂಚಿಸಿದರೆ ಸಿಟೈಪ್ಸ್ ಅದನ್ನು ಪೈಥಾನ್ ಬೈಟ್‌ಗಳಾಗಿ ಪ್ರತಿ ಮಾಡಿಕೊಟ್ಟು, ಮೂಲ ವಿಳಾಸವನ್ನು ಕೈಬಿಡುತ್ತದೆ. ಆ ಜಾಗವನ್ನು ಹಿಂದಿರುಗಿಸುವ ದಾರಿಯೇ ಮುಚ್ಚಿಹೋಗುತ್ತದೆ. ಹಗಲಿರುಳು ಓಡುವ ಸರ್ವರ್‌ನಲ್ಲಿ ಇಂಥ ಸೋರಿಕೆ ಹನಿಗೂಡಿ ಹಳ್ಳವಾಗುತ್ತದೆ.

ಪರಿಹಾರ ಸರಳ. ಬಗೆಯನ್ನು ‘ಸಿ_ವಾಯ್ಡ್_ಪಿ’ ಎಂದು ಸೂಚಿಸಿ ವಿಳಾಸವನ್ನು ಉಳಿಸಿಕೊಳ್ಳಬೇಕು. ‘ಸ್ಟ್ರಿಂಗ್_ಅಟ್’ ಮೂಲಕ ಪ್ರತಿ ಪಡೆದು, ಬಳಿಕ ಅದೇ ಲೈಬ್ರರಿ ಒದಗಿಸಿದ ಬಿಡುಗಡೆಯ ಫಂಕ್ಷನ್ನಿಗೆ ಆ ವಿಳಾಸವನ್ನು ಒಪ್ಪಿಸಬೇಕು. ವಿಂಡೋಸ್‌ನಲ್ಲಿ ಪ್ರತಿ ಲೈಬ್ರರಿಗೂ ಬೇರೆ ಬೇರೆ ಮೆಮೊರಿ ಭಂಡಾರ ಇರಬಹುದಾದ್ದರಿಂದ, ಬೇರೊಂದು ಫ್ರೀ ಬಳಸಿದರೆ ಪ್ರೋಗ್ರಾಂ ಕುಸಿದುಬೀಳಬಹುದು.

ಜಾಗ ಪಡೆದವರೇ ಅದನ್ನು ತೆರವುಗೊಳಿಸಬೇಕೆಂಬುದು ಇಲ್ಲಿನ ಮೂಲಸೂತ್ರ. ಪ್ರತಿ ಫಂಕ್ಷನ್ನಿನ ಟಿಪ್ಪಣಿಯಲ್ಲಿ ಒಡೆತನ ಯಾರದೆಂದು ಒಂದು ಸಾಲು ಬರೆದಿಟ್ಟರೆ, ಮುಂದೆ ಅದನ್ನು ಬಳಸುವವರು ಊಹೆಯ ಮೇಲೆ ಅವಲಂಬಿಸಬೇಕಾಗಿಲ್ಲ.