ತಟ್ಟೆಯ ಹಾಡು, ಹರಿವ ಹಾಡು

ಬೆರಳು ತಾಕಿದೊಡನೆ ಬೇಕಾದ ಹಾಡು ಮೊಬೈಲಿನಲ್ಲಿ ಹರಿದುಬರುವಾಗ, ಅಟ್ಟದ ಮೇಲಿನ ಹಳೆಯ ಗ್ರಾಮೋಫೋನ್ ತಟ್ಟೆಗಳನ್ನು ಇಟ್ಟುಕೊಂಡು ಮಾಡುವುದೇನು? ಹುಬ್ಬಳ್ಳಿ-ಧಾರವಾಡದ ಸಂಗೀತಪ್ರಿಯರ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ತಟ್ಟೆಗಳನ್ನು ಕೂಡಿಡುವ ಗೀಳು ನನಗೂ ಉಂಟು. ಆದುದರಿಂದ ಇದನ್ನು ತುಸು ವಿಚಾರಿಸಬೇಕೆನಿಸಿದೆ.

ತಟ್ಟೆಯ ಮಿತಿಗಳನ್ನು ಮೊದಲೇ ಹೇಳಿಬಿಡುತ್ತೇನೆ. ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ, 10 ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷಗಳ ಸಂಗೀತ. ಕೈಜಾರಿದರೆ ಅದು ಒಡೆಯುತ್ತದೆ. ಮುಳ್ಳು ಓಡಿದಷ್ಟೂ ಗೆರೆ ಸವೆಯುತ್ತದೆ. ಹಾಡಿನೊಡನೆ ಚರಚರ ಸದ್ದೂ ಕೇಳುತ್ತದೆ.

ಆದರೆ ಈ ಮಿತಿಯೇ ಒಂದು ಶಿಸ್ತೂ ಆಯಿತು. ಬೈಠಕ್ಕಿನಲ್ಲಿ ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಅಬ್ದುಲ್ ಕರೀಂ ಖಾನರು ಕೆಲವೇ ನಿಮಿಷಗಳಿಗೆ ಇಳಿಸಿಯೂ ಅದರ ಜೀವವನ್ನು ಉಳಿಸಿದರು. ಅವರ ತಟ್ಟೆಯ ಠುಮರಿಯನ್ನು ಕೇಳಿ ಮರುಳಾದ ಗದಗಿನ ಬಾಲಕ ಭೀಮಸೇನ ಜೋಶಿ, 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟು ಹೊರಟದ್ದು ಪ್ರಸಿದ್ಧವಾದ ಸಂಗತಿ. ಕೊನೆಗೆ ಅವರಿಗೆ ದೊರೆತ ಗುರು, ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರು. ಕೇಳುಗನಿಗೂ ಶಿಸ್ತು ತಪ್ಪಿದ್ದಲ್ಲ. ಹಾಡು ಮುಗಿದೊಡನೆ ಎದ್ದು ಮುಳ್ಳನ್ನೆತ್ತಬೇಕು, ಬದಿ ಮಗುಚಬೇಕು. ಮನೆಯಲ್ಲಿ ಹತ್ತೇ ತಟ್ಟೆಗಳಿದ್ದರೆ ಅವನ್ನೇ ನೂರು ಸಲ ಕೇಳಬೇಕು. ಹಾಗೆ ಕೇಳಿ ಕೇಳಿಯೇ ಕಿವಿ ಹದಗೊಳ್ಳುತ್ತದೆ.

ಇದಕ್ಕಿಂತ ಮಿಗಿಲಾಗಿ, ತಟ್ಟೆ ಒಂದು ದಾಖಲೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳನ್ನು 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿಯವರು ಹೊರತಂದಾಗ, ಅವುಗಳ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಅಲ್ಲಿ ಕೇಳುವುದು ತೆಳುವಾದ, ಎತ್ತರದ ಎಳೆಯ ಕಂಠ. ಮುಂದೆ ಗಂಟಲಿನ ಚಿಕಿತ್ಸೆಯಾದ ಬಳಿಕ ಅದು ಬದಲಾಗಿ, ನಾವೆಲ್ಲ ಬಲ್ಲ ಗಂಭೀರ ಧ್ವನಿಯಾಯಿತು. ಆ ತಟ್ಟೆಗಳಿಲ್ಲದಿದ್ದರೆ ಮೊದಲಿನ ಕಂಠ ಹೇಗಿತ್ತೆಂಬುದನ್ನು ಬರಿಯ ಮಾತಿನಿಂದ ನಂಬಬೇಕಾಗುತ್ತಿತ್ತು.

ಹಾಗೆಂದು ಸ್ಟ್ರೀಮಿಂಗನ್ನು ಹಳಿಯುವುದು ಸಲ್ಲದು. ಸಿರಿವಂತರ ಮನೆಯಲ್ಲಷ್ಟೇ ಇದ್ದ ಹಾಡು ಅದರಿಂದ ಬಡ ವಿದ್ಯಾರ್ಥಿಯ ಕಿವಿಗೂ ಬಂದಿದೆ. ಆದರೆ ಚಂದಾ ಕಟ್ಟಿ ಕೇಳುವ ಹಾಡು ನಮ್ಮದಲ್ಲ. ಒಡೆತನದ ಒಪ್ಪಂದ ಮುಗಿದರೆ ಹೇಳದೆ ಕೇಳದೆ ಮಾಯವಾಗಬಹುದು. ತಟ್ಟೆಯನ್ನಾದರೋ ಗೆಳೆಯನಿಗೆ ಎರವಲು ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಅಲ್ಲದೆ, ಕಂಪನಿಯಲ್ಲಿ ಮೂಲ ಅಚ್ಚು ಉಳಿಯದ ಹಾಡು ಮೊಬೈಲಿಗೆ ಬರುವುದಾದರೂ ಎಲ್ಲಿಂದ? ಯಾರೋ ಜೋಪಾನ ಮಾಡಿದ ತಟ್ಟೆಯಿಂದಲೇ. ಕಾಲುವೆಯಲ್ಲಿ ನೀರು ಹರಿಯಬೇಕಾದರೆ ಕೆರೆ ಉಳಿಯಬೇಕು.

ಆದುದರಿಂದ ನನ್ನದೊಂದು ವಿನಂತಿ. ಅಟ್ಟದ ಮೇಲಿನ ತಟ್ಟೆಗಳನ್ನು ಗುಜರಿಗೆ ಹಾಕುವ ಮುನ್ನ, ಧೂಳೊರೆಸಿ ನಡುವಿನ ಚೀಟಿಯನ್ನು ಓದಿರಿ. ಒಂದರ ಮೇಲೊಂದು ಒಟ್ಟದೆ, ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿರಿ. ಬೇರೆಲ್ಲೂ ಉಳಿಯದ ಕಂಠವೊಂದು ನಿಮ್ಮ ಮನೆಯಲ್ಲೇ ಇದ್ದೀತು.