ಆಕಾರ ಕೆಟ್ಟರೆ ಕೆಲಸ ಕೆಟ್ಟಿತು: ಪ್ರೋಟೀನೂ ಬೋರ್ಡೋ ದ್ರಾವಣವೂ

ಮುಂಗಾರಿಗೆ ಮೊದಲು ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ನಮಗೆಲ್ಲ ರೂಢಿ. ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ತೋರಿಸಿಕೊಟ್ಟ ಮದ್ದು ಇದು. ಆದರೆ ಈ ನೀಲಿ ದ್ರಾವಣ ರೋಗವನ್ನು ತಡೆಯುವುದು ಹೇಗೆ? ಅದನ್ನು ತಿಳಿಯಲು ಪ್ರೋಟೀನು, ಅಂದರೆ ಸಸಾರಜನಕದ ವಿಚಾರ ಸ್ವಲ್ಪ ಗೊತ್ತಿರಬೇಕು.

ಪ್ರೋಟೀನು ಎಂದೊಡನೆ ನೆನಪಾಗುವುದು ಬೇಳೆ, ಹಾಲು, ಮೊಟ್ಟೆ. ಆದರೆ ಅದು ಬರಿಯ ಆಹಾರಾಂಶವಲ್ಲ. ಜೀವಕೋಶದ ಹೆಚ್ಚಿನ ಕೆಲಸಗಳನ್ನು ಮಾಡುವ ಆಳುಗಳೇ ಪ್ರೋಟೀನುಗಳು. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಒಂದು ಪ್ರೋಟೀನು. ಪಲ್ಪ್ ಮಾಡಿದ ಕಾಫಿ ಬೀಜದ ಲೋಳೆಯನ್ನು ತೊಟ್ಟಿಯಲ್ಲಿ ಕರಗಿಸುವ ಕಿಣ್ವಗಳೂ ಪ್ರೋಟೀನುಗಳೇ.

ಅಮೈನೋ ಆಮ್ಲಗಳೆಂಬ 20 ಬಗೆಯ ಮಣಿಗಳನ್ನು ಪೋಣಿಸಿದ ಸರವೇ ಪ್ರೋಟೀನು. ಇನ್ಸುಲಿನ್‌ನಲ್ಲಿ ಇಂಥ ಮಣಿಗಳು 51, ಹಿಮೋಗ್ಲೋಬಿನ್‌ನಲ್ಲಿ 574. ಸರವು ಸುರುಳಿ ಸುತ್ತಿ, ಮಡಚಿಕೊಂಡು ತನ್ನದೇ ಆದ ಆಕಾರ ತಾಳುತ್ತದೆ. ಬೀಗದ ಕೈಗೆ ಹಲ್ಲು ಹೇಗೋ ಪ್ರೋಟೀನಿಗೆ ಆಕಾರ ಹಾಗೆ. ಅದು ಕೆಟ್ಟರೆ ಕೆಲಸ ನಿಂತಿತು. ಬೆಂದ ಮೊಟ್ಟೆಯ ಲೋಳೆ ಬೆಳ್ಳಗೆ ಗಟ್ಟಿಯಾಗುವುದು ಇದೇ ಕಾರಣಕ್ಕೆ. ಅಲ್ಲಿ ಸರ ಹರಿದಿಲ್ಲ, ಮಡಿಕೆ ಬಿಚ್ಚಿದೆ ಅಷ್ಟೆ. ತಣ್ಣಗಾದರೂ ಅದು ಮೊದಲಿನಂತಾಗದು.

ಬೆಂಕಿ ಮೊಟ್ಟೆಗೆ ಮಾಡಿದ್ದನ್ನು ತಾಮ್ರ ಕೊಳೆರೋಗದ ಬೀಜಾಣುವಿಗೆ ಮಾಡುತ್ತದೆ. ಕಾಯಿಯ ಮೇಲೆ ಒಣಗಿ ಕುಳಿತ ದ್ರಾವಣದಿಂದ ತಾಮ್ರವು ಮಳೆನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಬೀಜಾಣುವನ್ನು ಹೊಕ್ಕು, ಅದರ ಕಿಣ್ವಗಳಲ್ಲಿರುವ ಗಂಧಕದ ಭಾಗಕ್ಕೆ ಅಂಟಿಕೊಂಡು, ಅವುಗಳ ಆಕಾರ ಕೆಡಿಸುತ್ತದೆ. ಬೀಜಾಣು ಮೊಳೆಯದೆ ಸಾಯುತ್ತದೆ.

ಇಲ್ಲಿ ಎರಡು ಮಾತು ಗಮನಿಸಬೇಕು. ಮೊದಲನೆಯದು, ತಾಮ್ರ ಇರುವುದು ಕಾಯಿಯ ಮೇಲೆ ಮಾತ್ರ. ಒಳಹೊಕ್ಕ ರೋಗಾಣುವನ್ನು ಅದು ಮುಟ್ಟಲಾರದು. ಕಾಯಿ ಉದುರತೊಡಗಿದ ಮೇಲೆ ಹೊಡೆದು, ಮದ್ದು ಸರಿಯಿಲ್ಲವೆಂದು ದೂರಿದರೆ ಫಲವಿಲ್ಲ. ಆಗ ಉಳಿಯುವುದು ಇನ್ನೂ ರೋಗ ತಗಲದ ಕಾಯಿ ಮಾತ್ರ. ಮಳೆಗೆ ಮೊದಲೊಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಸಿಂಪಡಿಸಬೇಕು.

ಎರಡನೆಯದು, ತಾಮ್ರಕ್ಕೆ ತನ್ನವರು ಪರರು ಎಂಬ ಭೇದವಿಲ್ಲ. ಬೀಜಾಣುವಿನ ಪ್ರೋಟೀನನ್ನು ಕೆಡಿಸುವಂತೆ ಹಿಂಗಾರದ್ದನ್ನೂ, ಸಿಂಪಡಿಸುವವರ ಕಣ್ಣು ಚರ್ಮದ್ದನ್ನೂ ಕೆಡಿಸೀತು. ಅದಕ್ಕೆ ಕಡಿವಾಣವೇ ಸುಣ್ಣ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲೂ, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರಿನಲ್ಲೂ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚೂರಿಯನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ಆ ದಿನ ಮಾಡಿದ್ದನ್ನು ಆ ದಿನವೇ ಮುಗಿಸಿ.

ಚೂರಿಯ ಪರೀಕ್ಷೆಗೆ ತಗಲುವುದು ಒಂದೇ ನಿಮಿಷ. ಅದನ್ನು ಬಿಟ್ಟರೆ ನಷ್ಟ ವರ್ಷದ ಫಸಲಿಗೆ.