ಡಾಕ್ಟರ್ ಆಗಬೇಕೆನ್ನುವ ಮಕ್ಕಳಿಗೆ ಪಿ.ಯು.ಸಿ.ಯಲ್ಲಿ ಯಾವ ವಿಷಯ?

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ ಸಂಘಕ್ಕೆ ಕರಿಮೆಣಸು ತಂದ ಸದಸ್ಯರೊಬ್ಬರು ತೂಕದ ಚೀಟಿ ಬರೆಯುವ ಮೊದಲೇ ಕೇಳಿದರು: "ಮಗಳಿಗೆ ಮೆಡಿಕಲ್ ಓದಿಸುವ ಆಸೆ ಉಂಟು. ಭರತನಾಟ್ಯಕ್ಕೂ ಎನ್.ಸಿ.ಸಿ.ಗೂ ಸೇರಿಸಿದರೆ ಸೀಟಿಗೆ ಅನುಕೂಲವಂತೆ, ಹೌದಾ ಭಟ್ರೇ?"

ಈ ಮಾತು ಅಮೆರಿಕದಿಂದ ಬಂದದ್ದಿರಬೇಕು. ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ ಓದಿ, ಬಳಿಕ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುತ್ತಾರೆ. ಆಸ್ಪತ್ರೆಯಲ್ಲಿ ಮಾಡಿದ ಸೇವೆ, ಸಂಶೋಧನೆ, ಇತರ ಚಟುವಟಿಕೆಗಳನ್ನೂ ಅಲ್ಲಿ ನೋಡುತ್ತಾರೆ, ಸಂದರ್ಶನವೂ ಇದೆ. ನಮ್ಮಲ್ಲಿ ಹಾಗಿಲ್ಲ. 2017ರಿಂದ ರಾಜ್ಯದ ಎಂ.ಬಿ.ಬಿ.ಎಸ್. ಸೀಟುಗಳೆಲ್ಲ ನೀಟ್ ಪರೀಕ್ಷೆಯ ಮೇಲೆಯೇ ಹಂಚಿಕೆಯಾಗುತ್ತಿವೆ. ನೃತ್ಯ ಕಲಿಯಲಿ, ಸಂತೋಷ, ಸೀಟಿಗಾಗಿ ಬೇಡ. ಎನ್.ಸಿ.ಸಿ., ಕ್ರೀಡೆಗಳಿಗೆ ವಿಶೇಷ ವರ್ಗವೇನೋ ಇದೆ, ಆದರೆ ಬೆರಳೆಣಿಕೆಯ ಸೀಟುಗಳು.

2025ರ ನೀಟ್‌ನಲ್ಲಿ 180 ಪ್ರಶ್ನೆಗಳು, 720 ಅಂಕಗಳು. ಅದರಲ್ಲಿ ಜೀವಶಾಸ್ತ್ರ ಒಂದಕ್ಕೇ 90 ಪ್ರಶ್ನೆಗಳು; ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ತಲಾ 45. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಕಳೆಯುತ್ತಾರೆ. ಗಣಿತದ ಪ್ರಶ್ನೆಪತ್ರಿಕೆಯೇ ಇಲ್ಲ. ಹಾಗಾದರೆ ಪಿ.ಯು.ಸಿ.ಯಲ್ಲಿ ನಾಲ್ಕನೆಯ ವಿಷಯವಾಗಿ ಗಣಿತ ಏಕೆ ಎಂದು ಕೇಳಬಹುದು. ಲೆಕ್ಕ ಕಂಡರೆ ನಡುಗುವ ಮಗುವಿಗೆ ಬಲವಂತ ಬೇಡ; ಬೇರೆ ವಿಷಯ ಇರುವ ಕಾಲೇಜು ಹುಡುಕಿ. ಉಳಿದವರು ಗಣಿತ ಇಟ್ಟುಕೊಳ್ಳುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಮೆಡಿಕಲ್ ತಪ್ಪಿದರೆ ಎಂಜಿನಿಯರಿಂಗ್ ಕಡೆಗೂ ಕೃಷಿ ಪದವಿಯ ಕಡೆಗೂ ದಾರಿ ತೆರೆದಿರುತ್ತದೆ. ಕೃಷಿ ಪದವಿಯಲ್ಲಂತೂ ಕೃಷಿಕರ ಮಕ್ಕಳಿಗೆಂದೇ ಮೀಸಲು ಸೀಟುಗಳಿವೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ತೋಟದಲ್ಲಿ ಕೈಯಾಡಿಸಿದ ಮಕ್ಕಳಿಗೆ ಇಂಥ ಪರೀಕ್ಷೆ ಅಷ್ಟು ಹೊಸತೆನಿಸದು.

ಅಂದು ಗಣಿತ ಹಿಡಿದು ಜೀವಶಾಸ್ತ್ರ ಬಿಟ್ಟವರೂ ಈಗ ನಿರಾಶರಾಗಬೇಕಿಲ್ಲ. ಹನ್ನೆರಡನೆಯ ತರಗತಿ ಮುಗಿದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮಾನ್ಯ ಮಂಡಳಿಯಲ್ಲಿ ಪಾಸು ಮಾಡಿದವರಿಗೂ ನೀಟ್ ಬರೆಯಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಅವಕಾಶ ಕೊಟ್ಟಿದೆ.

ಇಷ್ಟೆಲ್ಲ ಹೇಳಿದರೂ ನಮ್ಮವರು ಹೆಚ್ಚಾಗಿ ಎಡವುವುದು ವಿಷಯದ ಆಯ್ಕೆಯಲ್ಲಲ್ಲ, ಶಾಲೆಯ ಆಯ್ಕೆಯಲ್ಲಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸರ್ಕಾರಿ ಸೀಟುಗಳಲ್ಲಿ ಶೇ. 15, ಹಾಗೆಯೇ ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಗ್ರಾಮೀಣ ಮೀಸಲಾತಿಗೆ ಆದಾಯದ ಷರತ್ತೂ ಉಂಟು, ವಿಚಾರಿಸಿಕೊಳ್ಳಬೇಕು. ಒಂದೇ ಒಂದು ವರ್ಷ ಪೇಟೆ ಶಾಲೆಗೆ ಹೋದರೂ ಗ್ರಾಮೀಣ ಹಕ್ಕು ಹೋಯಿತು. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಜತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯೂ ಬೇಕು. ಎರಡು ಮೂರು ಶಾಲೆ ಬದಲಿಸಿದವರು ಪ್ರತಿಯೊಂದು ಶಾಲೆಯಿಂದಲೂ ತರಬೇಕು. ಮಳೆ ಹಿಡಿದ ಮೇಲೆ ಓಡಾಡುವ ಕಷ್ಟ ನಿಮಗೆ ಹೇಳಬೇಕಾಗಿಲ್ಲ.

ಮೆಣಸು ತಂದವರ ಮಗಳು ಆರನೆಯ ತರಗತಿಗೇ ಪೇಟೆಯ ಹಾಸ್ಟೆಲ್ ಸೇರಿದವಳು. ಗ್ರಾಮೀಣ ಮೀಸಲಾತಿ ಅವಳಿಗಿಲ್ಲ. ಓದಿದ್ದು ಕನ್ನಡ ಮಾಧ್ಯಮದಲ್ಲೇ ಆದ್ದರಿಂದ ಅದೊಂದು ಉಳಿಯಿತು. ಅವಳ ತಮ್ಮ ಈಗ ಊರ ಶಾಲೆಯಲ್ಲಿ ಐದನೆಯ ತರಗತಿ. ಅವನನ್ನೂ ಪೇಟೆಗೆ ಕಳಿಸಲು ಬರುವ ತಿಂಗಳು ಮುಂಗಡ ಕಟ್ಟುವವರಿದ್ದರು. ಚೀಟಿ ಜೇಬಿಗಿಟ್ಟುಕೊಂಡು, "ಹಾಗಾದರೆ ಇವನು ಇಲ್ಲೇ ಇರಲಿ" ಎಂದು ಹೊರಟರು.